ಸೆರಗಿನಲ್ಲಿ ಸೋಸಿದ ಹೇಮಾವತಿ

ನೀರು ಪರೀಕ್ಷೆಯ ದೊಡ್ಡ ಸಾಹೇಬರೇ,

ಹೊಳೆನರಸೀಪುರದ ಹೇಮಾವತಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಚೂರೂ ಇಲ್ಲವೆಂದು ತಮ್ಮ ಕಚೇರಿ ವರದಿ ಕೊಟ್ಟಿದೆ. ಅದನ್ನೇ ನಂಬಿ, ಪಂಪ್‌ಹೌಸಿಗೆ ನಾವು ಕೇಳಿದ್ದ ಸಣ್ಣಕಣ್ಣಿನ ಜರಡಿಯನ್ನು ಮೇಲಿನವರು ರದ್ದು ಮಾಡಿದ್ದಾರೆ. ವರದಿ ಸುಳ್ಳಲ್ಲ ಸ್ವಾಮಿ. ತಾವು ಪರೀಕ್ಷಿಸಿದ್ದು ಮಾತ್ರ ಹೊಳೆಯ ನೀರನ್ನಲ್ಲ.

ಕಳೆದ ತಿಂಗಳು ತಮ್ಮ ಪರೀಕ್ಷಕರೊಬ್ಬರು ಸ್ನಾನಘಟ್ಟದ ಬಳಿ ಜೀಪಿನಿಂದ ಇಳಿದರು. ಬಂದರುಗಳಲ್ಲಿ ಹಡಗಿನ ಪಕ್ಕ ನೀರೆತ್ತಿ, ಸಾಸಿವೆಗಿಂತ ಸಣ್ಣ ಪ್ಲಾಸ್ಟಿಕ್ಕನ್ನೂ ಹುಡುಕಿ ಪಳಗಿದವರಂತೆ. ಸಮುದ್ರಕ್ಕೆ ಹೆದರದ ಮಹಾನುಭಾವರು ನಮ್ಮ ಪಾಚಿಗಟ್ಟಿದ ಮೆಟ್ಟಿಲಿಗೆ ಹೆದರಿದರು. ಬೂಟು ನೆನೆಯಬಾರದಲ್ಲ! ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ಜಯಲಕ್ಷ್ಮಮ್ಮನ ಕೈಗೆ ಬಾಟಲಿ ಕೊಟ್ಟು, ತುಂಬಿಸಿಕೊಡಮ್ಮ ಎಂದು ನೆರಳಿಗೆ ಹೋದರು. ಇವಳು ಬಾಟಲಿಯ ಬಾಯಿಗೆ ಸೆರಗು ಮಡಿಸಿ ಹಿಡಿದು, ಚೊಂಬಿನಿಂದ ನೀರು ಹೊಯ್ದು ತುಂಬಿಸಿಕೊಟ್ಟಳು. ನಲ್ಲಿಯ ಮೂತಿಗೂ ಬಟ್ಟೆ ಕಟ್ಟುವ ಊರು ನಮ್ಮದು. ಹೊರಗಿನಿಂದ ಬಂದವರಿಗೆ ಸೋಸದ ನೀರು ಕೊಡುವುದು ಉಂಟೇ?

ವರದಿ ಬಂದ ದಿನ, ಸೋಸಿದ್ದೇಕೆ ಎಂದು ಕೇಳಿದೆ.

"ಬಿಸ್ಲಲ್ಲಿ ಬಂದವ್ರೆ, ಕುಡಿಯಕ್ಕೇ ಕೇಳ್ತಾವ್ರೆ ಅಂದ್ಕಂಡೆ ಕಣ್ರೀ. ಶ್ಯಾಂಪೂ ಚೀಟಿ ಚೂರು ತೇಲೋ ನೀರ್ನ ಅಂಗೇ ಕೊಡಕ್ಕಾಯ್ತದಾ?"

ಜರಡಿ ರದ್ದಾಯಿತು ಎಂದಾಗ ಮಾತ್ರ ಅತ್ತೇಬಿಟ್ಟಳು. ನಮ್ಮ ಮೊಮ್ಮಗಳು ಧನ್ಯಾ ಶಾಲೆಯ ನಲ್ಲಿಗೆ ಬಾಯಿಟ್ಟೇ ಕುಡಿಯುತ್ತಾಳೆ. ಅಲ್ಲಿ ಬಟ್ಟೆ ಕಟ್ಟಿದರೆ ಮಕ್ಕಳು ಸಂಜೆಯೊಳಗೆ ಬಿಚ್ಚಿ ಸ್ಲೇಟು ಒರೆಸುತ್ತಾರೆ. ಮಿಂದವರು ಬಿಸಾಡಿದ ಶ್ಯಾಂಪೂ ಚೀಟಿ, ಪ್ಲಾಸ್ಟಿಕ್ ಕವರುಗಳೆಲ್ಲ ಬಿಸಿಲಿಗೆ ಪುಡಿಯಾಗಿ ಪಂಪಿಗೇ ಸೇರುತ್ತವೆ. ಮನೆಯ ನಲ್ಲಿಯ ಬಟ್ಟೆ ಕೊಡವಿದರೆ ನೀಲಿ, ಕೆಂಪು, ಬೆಳ್ಳಿ ಬಣ್ಣದ ಚೂರು ಉದುರುತ್ತವೆ. ಶಾಲೆಯಲ್ಲಿ ಅವು ನೇರ ಮಕ್ಕಳ ಹೊಟ್ಟೆಗೇ ಹೋಗುತ್ತವೆ. "ನನ್ ಸೆರಗೇ ಮಗೀಗೆ ಮುಳುವಾಯ್ತಲ್ಲ" ಎಂದು ಇವಳ ಗೋಳು. ತಪ್ಪು ಸೆರಗಿನದೋ, ಬೂಟಿನದೋ, ತಾವೇ ಹೇಳಿ.

ಈ ವಾರವೇ ಮತ್ತೆ ನೀರೆತ್ತಿಸಿ. ತಮ್ಮವರೇ ಮೊಣಕಾಲುದ್ದ ಇಳಿದು ತುಂಬಿಕೊಳ್ಳಲಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಜರಡಿ ಕೂರಬೇಕು. ಇಷ್ಟಾದರೂ ನೀರು ಶುದ್ಧವೆಂದೇ ತಮ್ಮ ವಾದವಾದರೆ, ಶಾಲೆಯ ನಲ್ಲಿಯಿಂದ ಒಂದು ಲೋಟ ಹಿಡಿದು ತಮಗೆ ಕುಡಿಸಬೇಕೆಂದು ನಾನು ಹಟ ಹಿಡಿದಿದ್ದೆ. ಇವಳೇ ತಡೆದಳು.

"ಬ್ಯಾಡಿ, ಅವ್ರೂ ಯಾರೋ ಹೆತ್ತ ಮಗ ಅಲ್ವಾ?"

ಇಂತಿ,
ಲೋಟ ಕೆಳಗಿಟ್ಟು ಲೇಖನಿ ಹಿಡಿದ
ಚಲುವಯ್ಯ
ಹೊಳೆನರಸೀಪುರ, ಮೇ 2006