ನಾಳೆ ತೆರೆಯುವ ಪೆಟ್ಟಿಗೆ

ಶ್ರೀರಾಂಪುರ, ಮೈಸೂರು
೧೯ ಜೂನ್ ೨೦೨೫, ಗುರುವಾರ

ಪ್ರೀತಿಯ ನೀಲಾ,

ನಿನ್ನ ಕಾಗದಕ್ಕೆ ಉತ್ತರಿಸಲು ನಾಲ್ಕು ತಿಂಗಳು ಹಿಡಿಯಿತು, ಬೈದುಕೊ. ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ. ಈಗ ಹೇಳಹೊರಟಿದ್ದನ್ನು ಮೇಲ್‌ನಲ್ಲಿ ಬರೆಯಲು ಮಾತ್ರ ಧೈರ್ಯವಾಗಲಿಲ್ಲ.

ನಮ್ಮ ಹುಡುಕಾಟ ನಿನಗೆ ಗೊತ್ತೇ ಇದೆ. ಕಣವೊಂದು ಒಡೆದಾಗ ಹೊರಬಂದ ಚೂರುಗಳ ಶಕ್ತಿಯನ್ನೆಲ್ಲ ಕೂಡಿಸಿದರೂ ಒಂದಿಷ್ಟು ಕಡಿಮೆ ಬೀಳಬೇಕು. ಅದನ್ನು ಯಾವ ಯಂತ್ರಕ್ಕೂ ಕಾಣದ ಕಪ್ಪು ದ್ರವ್ಯ ಹೊತ್ತೊಯ್ದಿರಬಹುದು ಎಂಬ ಆಸೆ. ಆಸೆ ಕಣ್ಣು ಕಟ್ಟುತ್ತದೆಂದೇ, ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ ಎಂಬ ಆಯ್ಕೆಯ ಮಿತಿಗಳು ನಿಗದಿಯಾಗುವವರೆಗೆ ಅಂಥ ಒಡೆತದ ಘಟನೆಗಳನ್ನು ಯಾರೂ ನೋಡದಂತೆ ಮುಚ್ಚಿಡುತ್ತೇವೆ. ಪೆಟ್ಟಿಗೆ ಅನ್ನುತ್ತಿದ್ದೆವಲ್ಲ, ಅದೇ.

ನಾನು ನೋಡಿಬಿಟ್ಟೆ. ಹನ್ನೊಂದು ದಿನದ ಹಿಂದೆ ಪ್ರೋಗ್ರಾಂ ಪರೀಕ್ಷಿಸುವಾಗ, ಮುಚ್ಚಿಡುವ ಸಾಲನ್ನು ತೆಗೆದವಳು ಮತ್ತೆ ಹಾಕಲು ಮರೆತೆ. ಮರೆತೆನೋ? ಪೆಟ್ಟಿಗೆಯೊಳಗೆ ಒಂದೇ ಒಂದು ಘಟನೆಯಿತ್ತು. ಮಿತಿಯಿಂದ ಕೂದಲೆಳೆಯಷ್ಟು ಹೊರಗೆ ಇನ್ನೆರಡು. ಮರುದಿನ ಮೀಟಿಂಗ್‌ನಲ್ಲಿ, ಮಿತಿಯನ್ನು ಸ್ವಲ್ಪ ಸಡಿಲಿಸೋಣ ಎಂದೆ. ಕಾರಣವನ್ನೂ ಕೊಟ್ಟೆ, ಒಳ್ಳೆಯ ಕಾರಣವೇ. ಎಲ್ಲರೂ ಒಪ್ಪಿದರು. ನೋಡದೆ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದೆನೇ? ಇನ್ನು ತಿಳಿಯುವ ದಾರಿಯಿಲ್ಲ.

ನಾಳೆ ಪೆಟ್ಟಿಗೆ ತೆರೆಯುತ್ತೇವೆ. ನನ್ನ ವಿದ್ಯಾರ್ಥಿನಿ ಸೌಮ್ಯಶ್ರೀಯ ಐದು ವರ್ಷದ ಥೀಸಿಸ್ ಅದು. ಅವಳ ತಾಯಿ ಇಂದ್ರಮ್ಮ ಈ ಬೆಳಿಗ್ಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ, ಒಬ್ಬಟ್ಟಿನ ಡಬ್ಬಿ ಹಿಡಿದು ನನ್ನ ರೂಮಿಗೇ ಬಂದರು.

"ಅದ್ಯಾವ್ದೋ ಪೆಟ್ಗೆ ತೆಗೀತೀರಂತಲ್ಲ ಮೇಡಂ, ಒಳಗೇನೈತೆ?"

"ಯಾರಿಗೂ ಗೊತ್ತಿಲ್ಲ ಕಣ್ರೀ."

"ಅಯ್ಯೋ, ಇಷ್ಟು ಓದಿರೋರು! ನಾನಾಗಿದ್ರೆ ಮೊದಲ್ನೇ ದಿನಾನೇ ಇಣುಕ್ಬುಡ್ತಿದ್ದೆ."

ಸೌಮ್ಯಶ್ರೀ ನಕ್ಕಳು. "ಅದಕ್ಕೇ ಕಣಮ್ಮ ನಿನ್ನ ಸೇರಿಸ್ಕೊಂಡಿಲ್ಲ. ನಮ್ಮ ಮೇಡಂ ಅಂಥೋರಲ್ಲ."

ನಾನೂ ನಕ್ಕೆ, ನೀಲಾ. ಒಬ್ಬಟ್ಟನ್ನೂ ತಿಂದೆ.

ಹೇಳಿದರೆ ಅವಳ ಕೆಲಸವೆಲ್ಲ ರದ್ದು. ಹೊಸ ದತ್ತಾಂಶಕ್ಕೆ ಎರಡು ವರ್ಷ ಕಾಯಬೇಕು. ಅವಳ ಫೆಲೋಶಿಪ್ ಡಿಸೆಂಬರ್‌ಗೆ ಮುಗಿಯುತ್ತದೆ. ಹೇಳದಿದ್ದರೆ ನನ್ನ ಆಸೆಯ ಕೆಳಗೆ ಅವಳ ಹೆಸರು ಅಚ್ಚಾಗುತ್ತದೆ. ಎತ್ತ ತಿರುಗಿದರೂ ಎದುರಿಗೆ ಅವಳೇ ನಿಂತಿದ್ದಾಳೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ನಾಳೆ ಕಳೆದಿರುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೇನೋ.

ನಿನ್ನ ಮಗ ಚೈತನ್ಯನಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಚೆನ್ನಾಗಿ ನಿದ್ದೆಯನ್ನೂ ಮಾಡಲಿ.

ನಿನ್ನ,
ಶಾಲಿನಿ

ಇನ್ನೊಂದು ಮಾತು: ಇಪ್ಪತ್ತೊಂದು ವರ್ಷದ ಹಿಂದೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತು, "ಇಣುಕ್ಬುಟ್ಟೆ ಕಣೇ, ಯಾರ್ಗೂ ಹೇಳ್ಬೇಡ" ಎಂದು ನೀನು ಅತ್ತಿದ್ದೆ. ಕಂಪ್ಯೂಟರಿನ ದಾಖಲೆಯಿಂದ ಸಿಕ್ಕಿಬಿದ್ದೆ ಎಂದುಕೊಂಡೇ ನೀನು ಪಿಎಚ್‌ಡಿ ಬಿಟ್ಟು ಹೋದೆ. ಅಲ್ಲ. ಗೈಡ್‌ಗೆ ಹೇಳಿದ್ದು ನಾನು. ಹೇಳಬೇಕೋ ಬೇಡವೋ ಎಂದು ನಿರ್ಧರಿಸಲು ಅಂದು ನನಗೆ ಒಂದು ಗಂಟೆಯೂ ಬೇಕಾಗಿರಲಿಲ್ಲ.