ಕಿರುಬೆರಳು ಬರುವವರೆಗೆ

ತಾಲೀಮಿನ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣಾ,

ಮೊದಲು ಆರೋಗ್ಯ ವಿಚಾರಿಸಬೇಕಲ್ಲ, ವಿಚಾರಿಸುತ್ತೇನೆ. ನಿನ್ನ ಬಲಭುಜದ ನೋವು ಹೇಗಿದೆ? ಹೋದ ವಾರ ತಾಲೀಮಿನ ಮಧ್ಯೆ ನೀನು ಅದನ್ನು ಎರಡು ಸಲ ಉಜ್ಜಿಕೊಂಡದ್ದನ್ನು ಕಂಡೆ. ಒಮ್ಮೆ ನಿಜವಾಗಿ ನೋಯುತ್ತಿತ್ತು. ಇನ್ನೊಮ್ಮೆ, ನೀನು ಎಷ್ಟೆಲ್ಲ ಸಹಿಸಿಕೊಳ್ಳುತ್ತಿದ್ದೀಯ ಎಂದು ನಮ್ಮ ವಾದ್ಯವೃಂದದ ಹಾರ್ನ್ ವಾದಕನಿಗೆ ತೋರಿಸಬೇಕಾಗಿತ್ತು. ಅಮ್ಮ ಚೆನ್ನಾಗಿದ್ದಾಳೆ. ಬೆಳಗ್ಗೆ ಎದ್ದ ಕೂಡಲೇ ಬೆರಳುಗಳು ಮಡಚುವುದಿಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡ ಮೇಲೆ ಲೋಟ ಹಿಡಿಯುತ್ತಾಳೆ. ನೀನು ಇಲ್ಲಿಯವರೆಗೆ ಬಂದು, ಮನೆಗೆ ಕಾಲಿಡದೆ, ಸಂಜೆಯ ರೈಲಿಗೇ ಹೊರಟುಹೋದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಕೆಳಗಿನ ಅಂಗಡಿಯ ದರ್ಜಿ ಹೇಳಿದ. "ನಿಮ್ಮ ಮಗ ಸ್ಟೇಷನ್ನಲ್ಲಿ ಸಿಕ್ಕಿದ್ರಲ್ಲಾ ಅಮ್ಮಾ, ಬೆನ್ನ ಮೇಲೆ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ಕೊಂಡು!" ಅಮ್ಮ "ಬೇರೆ ಯಾರೋ ಇರ್ಬೇಕು" ಎಂದಳು. ಬೆನ್ನ ಮೇಲೆ ಆಳುದ್ದದ ಪಿಟೀಲಿನಂಥ ಚೆಲ್ಲೊ ಹೊತ್ತು ತಿರುಗುವವರು ನಮ್ಮ ಬೀದಿಯಲ್ಲಿ ರಾಶಿ ಬಿದ್ದಿದ್ದಾರೆ ಎನ್ನುವ ಹಾಗೆ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಚೆಲ್ಲೊದಲ್ಲಿ, ಅಮ್ಮ ಪಿಯಾನೊದಲ್ಲಿ ಮನೆಯಲ್ಲಿ ನುಡಿಸುತ್ತಿದ್ದ ಆ ಸೊನಾಟಾವನ್ನು ಶನಿವಾರದ ಕಛೇರಿಗಾಗಿ ನಮ್ಮ ಕಿರು ವಾದ್ಯವೃಂದಕ್ಕೆ ಹೊಂದಿಸಿಕೊಡು ಎಂದು ಕೇಳಿದವನು ನೀನು. "ಪಿಯಾನೊ ಜೊತೆ ನುಡಿಸಿ ನುಡಿಸಿ ಬೇಜಾರಾಗಿದೆ, ಹಿಂದೆ ಸ್ವಲ್ಪ ಜನ ಇರ್ಲಿ" ಎಂದು ಫೋನಿನಲ್ಲಿ ಹೇಳಿದೆ. ಬೇರೆ ಯಾರಾದರೂ ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಒಬ್ಬಳ ಹತ್ತು ಬೆರಳು ಮಾಡುವ ಕೆಲಸವನ್ನು ಹದಿನೈದು ಜನರಿಗೆ ಹಂಚುವುದು ಸುಲಭವಲ್ಲ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗಲು ತೊಡಗುತ್ತದೆ, ಚೆಲ್ಲೊ ಆ ಕರಗಿದ ಜಾಗದಲ್ಲಿ ಹಾಡುತ್ತದೆ. ಅದೇ ಸ್ವರವನ್ನು ವಯೊಲಿನ್ನುಗಳಿಗೆ ಕೊಟ್ಟರೆ ಅವು ಬಿಡುವುದೇ ಇಲ್ಲ, ಎಳೆದುಕೊಂಡು ಕೂತುಬಿಡುತ್ತವೆ, ನೀನು ಅಡಿಯಲ್ಲಿ ಸಿಕ್ಕಿ ಒದ್ದಾಡಬೇಕಾಗುತ್ತದೆ. ಅದಕ್ಕೆಂದೇ ವಯೊಲಿನ್ನುಗಳನ್ನು ತೆಳುಮಾಡಿದೆ, ಒಳದನಿಯನ್ನು ಕ್ಲಾರಿನೆಟ್ಟಿಗೆ ಕೊಟ್ಟೆ, ನಾನು ಕೂರುವ ವಿಯೊಲಾ ಸಾಲನ್ನು ಪುಟಗಟ್ಟಲೆ ಸುಮ್ಮನೆ ಕೂರಿಸಿದೆ. ಚಳಿಗಾಲ ಪೂರ್ತಿ ಇದೇ ಕೆಲಸ. ಇದನ್ನು ನಿನ್ನ ಕೃತಜ್ಞತೆಗಾಗಿ ಬರೆಯುತ್ತಿಲ್ಲ, ಅದು ಬರುವುದಿಲ್ಲ ಎಂದು ಗೊತ್ತು. ನಿನ್ನ ಚೆಲ್ಲೊದ ಒಂದು ಸ್ವರವೂ ಮುಚ್ಚಿಹೋಗದಂತೆ ಕಾದವಳು ಯಾರು ಎಂಬುದು ನಿನಗೆ ತಿಳಿದಿರಲಿ, ಅಷ್ಟೆ.

ಎರಡನೆಯ ಭಾಗ, ನಿಧಾನವಾದದ್ದು, ಅದರಲ್ಲಿ ಪಿಯಾನೊ ಅಗಲವಾದ ಸ್ವರಗುಚ್ಛಗಳನ್ನು ಇಡುತ್ತದೆ, ಪ್ರತಿಯೊಂದರ ಮೇಲೂ ಚೆಲ್ಲೊ ಹೊಸ ಸಾಲು ಎತ್ತುತ್ತದೆ. ಅಮ್ಮ ಅವನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರವಾಗಿ ಬಿಡಿಸಿ ನುಡಿಸುತ್ತಿದ್ದಳು. ನಾನೂ ಹಾಗೆಯೇ ಬರೆದೆ: ಮೊದಲು ಡಬಲ್ ಬಾಸ್, ಆಮೇಲೆ ವಿಯೊಲಾ, ಕೊನೆಗೆ ವಯೊಲಿನ್, ಒಂದರ ಹಿಂದೊಂದು ಮೆಟ್ಟಿಲು ಹತ್ತಿದಂತೆ. ನೀನು ಆ ಸ್ವರಲಿಪಿಯ ಪ್ರತಿಯನ್ನು ವಾಪಸು ಕಳಿಸಿದಾಗ ಆ ಎಲ್ಲ ಜಾಗಗಳಲ್ಲೂ ಕೆಂಪು ಪೆನ್ಸಿಲ್ ಓಡಿತ್ತು. "ತಪ್ಪು. ಮೂಲ ನೋಡು." ಮುಂದಿನದಕ್ಕೆ ಬರೀ "ತಪ್ಪು". ಕೊನೆಯದರ ಪಕ್ಕದಲ್ಲಿ, "ಯಾರೇ ನಿನಗೆ ಇದನ್ನ ಹೇಳ್ಕೊಟ್ಟೋರು?" ಮೂಲ ನೋಡಿದೆ. ನೀನು ಹೇಳಿದ್ದು ಸರಿ. ಅಚ್ಚಾದ ಪುಸ್ತಕದಲ್ಲಿ ಎಲ್ಲ ಸ್ವರಗಳೂ ಒಟ್ಟಿಗೇ ಬೀಳಬೇಕು. ಹುಟ್ಟಿದಾಗಿನಿಂದ ಗೋಡೆಯಾಚೆ ಕೇಳಿಸಿಕೊಂಡದ್ದನ್ನು ನಾನು ಪುಸ್ತಕದಲ್ಲಿ ಇದ್ದೇ ಇರುತ್ತದೆ ಎಂದು ನಂಬಿ ಬರೆದಿದ್ದೆ. ನಿನ್ನ ತಿದ್ದುಪಡಿಯಂತೆ ಇನ್ನೊಂದು ಜೊತೆ ಪ್ರತಿ ಮಾಡಿಸಿ ಸ್ಟ್ಯಾಂಡುಗಳ ಮೇಲೆ ಇಟ್ಟೆ. ಹೋದ ವಾರ ನೀನು ನುಡಿಸಿದ್ದು ಅದನ್ನೇ.

ಹೇಗೆ ನುಡಿಸಿದೆ ಎಂದು ನಿನಗೆ ಯಾರೂ ಹೇಳಿರಲಾರರು, ಆದ್ದರಿಂದ ನಾನು ಹೇಳುತ್ತೇನೆ. ಪ್ರತಿ ಗುಚ್ಛಕ್ಕೂ ನೀನು ತಡವಾಗಿ ಬಂದೆ. ಹದಿನೈದು ಜನ ಒಟ್ಟಿಗೆ ಇಳಿಯುತ್ತಿದ್ದರು, ನಿನ್ನ ಕಮಾನು ಗಾಳಿಯಲ್ಲೇ ನಿಂತಿರುತ್ತಿತ್ತು, ಆಮೇಲೆ ಬಂದು ಸೇರುತ್ತಿತ್ತು. ನೀನು ನಿಲ್ಲಿಸಿ "ಇವ್ರೆಲ್ಲ ಮುಂಚೆ ಬರ್ತಿದಾರೆ" ಎಂದೆ. ಹಾರ್ನ್ ವಾದಕ ಪಾಪ, ಮೆತ್ತಗೆ, "ಸರ್, ನಾವು ನಿರ್ದೇಶಕರ ಕೋಲು ನೋಡ್ಕೊಂಡೇ ಬರ್ತಿದೀವಿ" ಎಂದ. "ಹಾಗಾದ್ರೆ ಕೋಲಿಗೇ ಅವಸರ ಇರ್ಬೇಕು. ನಿಮಗೇನು, ಊದೋದು ಮುಗಿಸಿ ಮನೆಗೆ ಹೋದ್ರೆ ಸಾಕು!" ಯಾರೂ ನಗಲಿಲ್ಲ. ನಿರ್ದೇಶಕರು ವಯಸ್ಸಾದವರು, ಕೋಲನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಮತ್ತೆ ಮೊದಲಿನಿಂದ, ಮತ್ತೆ ತಡ. ನನ್ನ ಪಕ್ಕದವಳು ಕಿವಿಯಲ್ಲಿ "ನಿಮ್ಮಣ್ಣ ಯಾರಿಗೋಸ್ಕರ ಕಾಯ್ತಿದಾನೆ?" ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದಳು. ನನಗೆ ಉತ್ತರ ಗೊತ್ತಿತ್ತು.

ನಿನ್ನ ಕೆಂಪು ಗೆರೆಗಳು ಬಂದ ದಿನವೇ ಅಮ್ಮನನ್ನು ಕೇಳಿದ್ದೆ. ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ಓ ಅದಾ? ನನ್ನ ಕೈ ಎಟುಕ್ತಿರ್ಲಿಲ್ಲ ಕಣೇ. ಎಷ್ಟು ಅಗಲಿಸಿದ್ರೂ ಕಿರುಬೆರಳು ಮೇಲಿನ ಸ್ವರ ಮುಟ್ತಿರ್ಲಿಲ್ಲ. ಅದಕ್ಕೇ ಬಿಡಿಸ್ಕೊಂಡು ನುಡಿಸ್ತಿದ್ದೆ. ಅವನಿಗೆ ಹೇಳ್ಬೇಡ, ತಪ್ಪು ಕಲಿಸಿದ್ಲು ಅಂತ ನೊಂದ್ಕೋತಾನೆ." ಪಿಯಾನೊ ಪಕ್ಕದಲ್ಲಿ ಮೋಟು ಸ್ಟೂಲಿನ ಮೇಲೆ ನಿನ್ನನ್ನು ಕೂರಿಸಿ ಅವಳು ಹೇಳುತ್ತಿದ್ದದ್ದು ನಿನಗೆ ನೆನಪಿರಲೇಬೇಕು. "ಕೈ ನೋಡ್ಬೇಡ, ಕಿರುಬೆರಳು ನೋಡು. ಅದು ಬಂದ್ಮೇಲೆ ನೀನು ಬಾ." ಅದು ಬಂದ ಮೇಲೆ ನೀನು ಬಂದೆ. ಇವತ್ತಿಗೂ ಹಾಗೆಯೇ ಬರುತ್ತಿದ್ದೀಯ. ಊರೂರಿಗೆ ನಿನ್ನ ಜೊತೆ ಬರುವ ಪಿಯಾನೊದವರಿಗೆ ನಿನ್ನ ಉಸಿರು ನೋಡಿಕೊಂಡು ತಡೆದು ನುಡಿಸುವ ಅಭ್ಯಾಸವಾಗಿದೆ, ಅದರಿಂದ ನಿನಗೆ ತಿಳಿಯಲಿಲ್ಲ. ಹದಿನೈದು ಜನ ಹಾಗೆ ತಡೆಯಲಾರರು.

ಪತ್ರಿಕೆಯವರು ನಿನ್ನ ಆ ತಡವನ್ನು ಏನೆಂದು ಹೊಗಳುತ್ತಾರೆ ಎಂದು ಗೊತ್ತಿದೆ. ನೀನೇ ಒಂದು ಸಂದರ್ಶನದಲ್ಲಿ ಹೇಳಿದೆ, ಸಾಲು ಎತ್ತುವ ಮುಂಚಿನ ಆ ಮೌನ ನಿನ್ನ ಒಂಟಿತನದಿಂದ ಬಂತು, ಅದನ್ನು ಯಾರೂ ಕಲಿಸಲಿಲ್ಲ ಎಂದು. ಅಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. "ಪಾಪ, ಅಲ್ಲಿ ಒಬ್ನೇ ಇದಾನೆ" ಎಂದು ಕಣ್ಣು ಒರೆಸಿಕೊಂಡಳು. ಆ ಹೊತ್ತು ನೀನು ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ. ಒಂಟಿಯಂತೆ! ಒಂಟಿಯಾಗಿ ನುಡಿಸುವುದು ನಿನಗೆ ಬಾರದು ಎಂಬುದನ್ನು ಹೋದ ವಾರ ಎಲ್ಲರೂ ನೋಡಿದರು.

ರೈಲಿನಿಂದಲೇ ನೀನು ನಿರ್ದೇಶಕರಿಗೆ ಫೋನು ಮಾಡಿದ್ದು ಗೊತ್ತಾಯಿತು. ವೃಂದ ಹದಕ್ಕೆ ಬರಬೇಕು, ತಂಗಿಯ ಹಳೆಯ ಪ್ರತಿ ಮತ್ತೆ ಕಣ್ಣಿಗೆ ಬಿದ್ದರೆ ಚೆಲ್ಲೊ ಪೆಟ್ಟಿಗೆಯನ್ನೇ ತೆರೆಯುವುದಿಲ್ಲ ಎಂದೆಯಂತೆ. ಅವರು ನನ್ನನ್ನು ಕರೆದು, "ನೋಡಮ್ಮಾ, ಅಣ್ಣ ತಂಗಿ ಜಗಳದಲ್ಲಿ ನಾನು ಕೋಲು ಆಡಿಸಲ್ಲ. ಪ್ರತಿ ಇಡೋದು ನಿನ್ನ ಕೆಲಸ. ಗುರುವಾರ ಬೆಳಗ್ಗೆ ಏನಿಟ್ಟಿರ್ತೀಯೋ ಅದೇ ಶನಿವಾರಕ್ಕೂ" ಎಂದರು. ಅಮ್ಮನಿಗೆ ಹೇಳಿದೆ. ಅವಳು ನಿನ್ನ ಕಡೆಗೇ. "ಪುಸ್ತಕದಲ್ಲಿ ಇರೋದೇ ಸರಿ. ಅವನು ಕೇಳಿದ್ದನ್ನ ಕೊಡು. ನನ್ನ ಮೋಟು ಕೈಯಿಂದ ಅವನ ಹೆಸರು ಯಾಕೆ ಕೆಡ್ಬೇಕು?"

ಇಷ್ಟು ವರ್ಷ ಅವಳ ಮಾತು ಮೀರಿಲ್ಲ, ಈ ಸಲ ಮೀರಿದ್ದೇನೆ. ಈಗಷ್ಟೇ ನಿನ್ನ ಕೆಂಪು ಪೆನ್ಸಿಲಿನ ಜೊತೆಯನ್ನು ಕಪಾಟಿಗೆ ಹಾಕಿ ಬೀಗ ಜಡಿದು ಬಂದೆ. ಸ್ಟ್ಯಾಂಡುಗಳ ಮೇಲೆ ನಾನು ಮೊದಲು ಬರೆದದ್ದೇ, ಅಮ್ಮನ ಕೈಯ ಹಾಗೆ ಬಿಡಿಸಿದ್ದೇ, ಇದೆ. ನೀನು ಪೆಟ್ಟಿಗೆ ತೆರೆಯದಿದ್ದರೆ ನಮ್ಮ ಮೊದಲ ಚೆಲ್ಲೊದವಳು ನುಡಿಸುತ್ತಾಳೆ. ನಿನ್ನಷ್ಟು ಚೆನ್ನಾಗಿ ನುಡಿಸುವುದಿಲ್ಲ, ಅದು ಅವಳಿಗೂ ಗೊತ್ತು. ಆದರೂ ಎಲ್ಲರ ಜೊತೆ ಬರುತ್ತಾಳೆ. ನೀನು ಸಿಟ್ಟಾಗುವುದಾದರೆ ನನ್ನ ಮೇಲೆ ಆಗು, ಹಾರ್ನ್ ವಾದಕನನ್ನು ಬಿಡು, ಅವನ ಮಗುವಿಗೆ ಹುಷಾರಿಲ್ಲ.

ಭುಜಕ್ಕೆ ಬಿಸಿ ಕೊಡು. ತಂಗಿಯಾಗಿ ಹಿರಿಯನಾದ ನಿನಗೆ ತಲೆಬಾಗಬೇಕು, ಬಾಗಿದ್ದೇನೆ ಎಂದೇ ಇಟ್ಟುಕೋ.

ಇಂತಿ,
ನಿನ್ನ ತಂಗಿ

ಮರೆತಿದ್ದೆ, ನಾಳೆಯೇ ನಿನಗೆ ಮುಟ್ಟಿಸುವ ಕೊರಿಯರಿನವನು ಬಾಗಿಲಲ್ಲಿದ್ದಾನೆ: ಶನಿವಾರದ ಜನಸಂದಣಿ ತಡೆಯಲಾರೆ ಎಂದು ಅಮ್ಮ ಗುರುವಾರದ ತಾಲೀಮಿಗೇ ಬರುತ್ತಾಳೆ. "ಒಂದ್ಸಲನಾದ್ರೂ ಅದನ್ನ ಸರಿಯಾಗಿ ಕೇಳ್ಬೇಕು ಕಣೇ" ಎಂದಿದ್ದಾಳೆ. ಇಟ್ಟಿರುವುದು ನಿನ್ನ ಪ್ರತಿ ಎಂದೇ ಅವಳು ತಿಳಿದಿದ್ದಾಳೆ, ನಾನು ತಿದ್ದಿ ಹೇಳಿಲ್ಲ. ಅವಳ ಕುರ್ಚಿ ನಿನ್ನ ಎದುರಿಗೇ ಹಾಕಿಸುತ್ತೇನೆ. ಮೊದಲ ಗುಚ್ಛಕ್ಕೇ ಅವಳಿಗೆ ತಿಳಿದುಹೋಗುತ್ತದೆ, ನಿನ್ನ ಮುಖ ನೋಡುತ್ತಾಳೆ. ಆಗ ನುಡಿಸು, ಇಲ್ಲವೇ ಕಮಾನು ಕೆಳಗಿಟ್ಟು, ಪೆನ್ಸಿಲಿನಲ್ಲಿ ನನಗೆ ಬರೆದ ಆ "ತಪ್ಪು" ಎಂಬ ಮಾತನ್ನು ಅವಳಿಗೆ ಬಾಯಿಬಿಟ್ಟು ಹೇಳು.