ಸಿಗ್ನಲ್ ಬಿದ್ದಾಗ

ಮಾವನವರಿಗೆ ಸೊಸೆಯ ನಮಸ್ಕಾರಗಳು. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ...’ ಎಂದು ಬರೆಯಹೊರಟವಳ ಕೈ ತಡೆಯಿತು. ನಿಮ್ಮನ್ನು ಇನ್ನೇನೆಂದು ಕೇಳಲಿ?

ಮೈಸೂರಿನಿಂದ ಗೋರೆಗಾಂವ್‌ನ ಈ ಪುಟ್ಟ ಮನೆಗೆ ಬಂದ ಹೊಸತರಲ್ಲಿ ನಿಮ್ಮ ಗೊರಕೆಗೆ ಬೆಚ್ಚಿಬೀಳುತ್ತಿದ್ದೆ. ಮಾವನ ಗೊರಕೆಯ ಬಗ್ಗೆ ಸೊಸೆ ಬಾಯಿಬಿಡುವುದುಂಟೇ? ಅತ್ತೆಯೇ ನಕ್ಕರು. “ಅಭ್ಯಾಸ ಆಗತ್ತೆ ಕಣೇ. ಪುಣ್ಯವಂತರು, ತಲೆ ಇಟ್ರೆ ನಿದ್ದೆ.” ನಡುವೆ ಗೊರಕೆ ಥಟ್ಟನೆ ನಿಂತರೆ, “ಸಿಗ್ನಲ್ ಬಿತ್ತು, ರೈಲು ನಿಂತಿದೆ, ಬೇಗ ಮಲಕ್ಕೋ” ಎನ್ನುತ್ತಿದ್ದರು. ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆವು. ಆ ನಿಶ್ಶಬ್ದ ನಮಗೆ ಎಷ್ಟು ಹಿತವಾಗಿತ್ತು.

ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ದಿನ ನಿದ್ದೆಹೋಗಿ, ನಮ್ಮ ಸ್ಟೇಷನ್ ದಾಟಿ ಬೊರಿವಲಿ ಮುಟ್ಟಿ ವಾಪಸು ಬರುತ್ತಿದ್ದಿರಲ್ಲ, ಅದೂ ನಮಗೆ ತಮಾಷೆಯೇ. ಅಷ್ಟು ಗೊರಕೆ ಹೊಡೆದು ಮಲಗಿದವರಿಗೆ ಹಗಲೆಲ್ಲ ಯಾಕೆ ತೂಕಡಿಕೆ ಎಂದು ಒಬ್ಬರಾದರೂ... ಬಿಪಿ ಮಾತ್ರೆ ನುಂಗುತ್ತಲೇ ಇದ್ದಿರಿ, ಇಳಿಯಲಿಲ್ಲ. ಪಾದ ಊದಿ ಚಪ್ಪಲಿ ಹಿಡಿಸದಾದಾಗಲೂ, “ಲೋಕಲ್‌ನಲ್ಲಿ ನಿಂತೂ ನಿಂತೂ ಹೀಗಾಗಿದೆ ಕಣಮ್ಮ” ಎಂದಿರಿ. ಕಿಡ್ನಿ ಕೆಟ್ಟಿದೆ ಎಂದು ಗೊತ್ತಾಗುವಾಗ ತಡವಾಗಿತ್ತು.

ಗ್ರಾಂಟ್ ರೋಡ್ ಹತ್ತಿರದ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ನಡೆಯುತ್ತಿದ್ದಂತೆ ನಿಮಗೆ ಜೋಂಪು ಹತ್ತಿ ಗೊರಕೆ ಶುರುವಾಯಿತು. ಸಿಗ್ನಲ್ ಬಿತ್ತು. ಪಕ್ಕದಲ್ಲಿದ್ದ ಡಾಕ್ಟರು ನಿಮ್ಮ ಎದೆಯನ್ನೇ ದಿಟ್ಟಿಸಿದರು. “ಘರ್ ಪೇ ಭೀ ಐಸಾ ಹೋತಾ ಹೈ?” ಹೌದು, ಮನೆಯಲ್ಲೂ ಹೀಗೇ ಎಂದೆ ನಗುತ್ತಲೇ. ಅವರು ನಗಲಿಲ್ಲ. ಗಂಟಲು ಮುಚ್ಚಿ ಉಸಿರೇ ನಿಲ್ಲುತ್ತಿದೆ, ಪ್ರತಿ ಸಲವೂ ಬಿಪಿ ಏರುತ್ತದೆ, ಆ ಏಟು ಕಿಡ್ನಿಗೆ ಎಂದರು. ಕಿಡ್ನಿ ಸೋತು ಮೈಯಲ್ಲಿ ನೀರು ತುಂಬಿದರೆ ಗಂಟಲು ಇನ್ನಷ್ಟು ಇಕ್ಕಟ್ಟಂತೆ. ಯಾವುದು ಮೊದಲು ಎಂದು ಕೇಳಿದೆ. ಅದನ್ನು ಈಗ ಹೇಳಲಾಗದು ಎಂದರು. ಮೂಗಿಗೆ ಗಾಳಿ ಊದುವ ಮೆಷೀನು ಫಾರಿನ್‌ನಲ್ಲಿದೆಯಂತೆ. ಇಲ್ಲಿ ಎಲ್ಲಿ ಸಿಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ನೀವು ಹೊರಟುಬಿಟ್ಟಿರಿ.

ಅತ್ತೆ ಈಗಲೂ ಕೇಳುತ್ತಾರೆ, “ಆಗ ತಟ್ಟಿ ಎಬ್ಬಿಸ್ತಿದ್ರೆ ಉಳೀತಿದ್ರೇನೇ?” ಮಾವ, ಮಲಗಿದವರನ್ನು ಎಬ್ಬಿಸಬಾರದು ಎಂದಷ್ಟೇ ನಮಗೆ ಹಿರಿಯರು ಕಲಿಸಿದ್ದು.

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ನಿಮ್ಮ ಮಗನಿಗೂ ಗೊರಕೆ ಶುರುವಾಗಿದೆ. ಬಿಪಿಯೂ ಏರಿದೆ. ಅಂಗಾತ ಮಲಗಲು ಬಿಡಬೇಡಿ ಎಂದರು ಅದೇ ಡಾಕ್ಟರು. ಅಂಗಾತವಾದರೆ ಒತ್ತಿ ಮಗ್ಗುಲಾಗಲಿ ಎಂದು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಒಳಗೆ ರಬ್ಬರ್ ಚೆಂಡು ಇಟ್ಟಿದ್ದೇನೆ. ನನ್ನ ಕೈಲಾಗುವುದು ಇಷ್ಟೇ. ಕಳೆದ ಭಾನುವಾರ ಊಟವಾಗಿ ಮಲಗಿದ್ದ ಇವರ ಗೊರಕೆ ಥಟ್ಟನೆ ನಿಂತಿತು. ಅತ್ತೆ ಹುರುಳಿಕಾಯಿ ಹೆಚ್ಚುವುದು ಬಿಟ್ಟು ಅಡುಗೆಮನೆಯಿಂದ ಓಡಿಬಂದರು. ನಾನು ಭುಜ ಹಿಡಿದು ಅಲ್ಲಾಡಿಸಿದೆ.

“ಏನೇ, ಗೊರಕೆ ಜಾಸ್ತಿ ಆಯ್ತಾ?” ಎಂದರು ಇವರು, ಕಣ್ಣೂ ತೆರೆಯದೆ.

“ಇಲ್ಲಾರೀ,” ಎಂದೆ. “ಹೊಡೀರಿ.”

ಮತ್ತೆ ಶುರುವಾಗುವವರೆಗೂ ಅತ್ತೆ ಬಾಗಿಲಲ್ಲೇ ನಿಂತಿದ್ದರು.